ಗಡ್ಡೆಯ ಅಂಚಿನಲ್ಲಿ ಮಿಲಿಮೀಟರಿನ ಲೆಕ್ಕ

ಮೂಡುಬಿದಿರೆ, ಕಾರ್ಕಳ ಕಡೆಯ ರಸ್ತೆ ಮಂಗಳೂರಿನ ನಂತೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ಕ್ಕೆ ಬಂದು ಸೇರುತ್ತದೆ. ಇಲ್ಲಿಂದ ಕುಂಟಿಕಾನಕ್ಕೆ ಹೋಗಲಿ, ಕಂಕನಾಡಿಗೋ ದೇರಳಕಟ್ಟೆಗೋ ಹೋಗಲಿ, ದೊಡ್ಡ ಆಸ್ಪತ್ರೆಯೊಂದು ಸಿಗುತ್ತದೆ. ಬಾಯಿಯ ಹುಣ್ಣು ಮಾಯುತ್ತಿಲ್ಲವೆಂದು ಮೂಡುಬಿದಿರೆ, ಕಾರ್ಕಳಗಳಿಂದ ಮಂಗಳೂರಿಗೆ ಬರುವವರ ದಾರಿಯೂ ಇದೇ. ಅಡಿಕೆ ಬೆಳೆಯುವ, ಎಲೆಯಡಿಕೆ ಮೆಲ್ಲುವ ಸೀಮೆ ಇದು. ಹೊಗೆಸೊಪ್ಪು ಸೇರದಿದ್ದರೂ ಅಡಿಕೆ ಕ್ಯಾನ್ಸರ್‌ಕಾರಕವೇ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ತನ್ನ ಸಂಪುಟದಲ್ಲಿ ಸ್ಪಷ್ಟವಾಗಿ ಹೇಳಿದೆ.

ಅಂಥ ಹುಣ್ಣು ಕ್ಯಾನ್ಸರ್ ಎಂದಾಗಿ ಆಪರೇಷನ್ ಮುಗಿದ ಮೇಲೆ ಮನೆಯವರು ಕೇಳುವ ಮೊದಲ ಪ್ರಶ್ನೆ, ‘ಎಷ್ಟನೇ ಸ್ಟೇಜ್?’ ಅದಕ್ಕೆ ಖಚಿತ ಉತ್ತರ ಬರುವುದು ಪೆಥಾಲಜಿ ಲ್ಯಾಬಿನಿಂದ.

ಕತ್ತರಿಸಿ ತೆಗೆದ ಗಡ್ಡೆಯನ್ನು ಅಲ್ಲಿ ಫಾರ್ಮಾಲಿನ್‌ನಲ್ಲಿಟ್ಟು, ಮೇಣದಲ್ಲಿ ಹುದುಗಿಸಿ, ನಾಲ್ಕೈದು ಮೈಕ್ರಾನ್ ದಪ್ಪಕ್ಕೆ ಸೀಳಿ ಬಣ್ಣ ಹಾಕುತ್ತಾರೆ. ಸೂಕ್ಷ್ಮದರ್ಶಕದಡಿ ಜೀವಕೋಶದ ಕೇಂದ್ರ ನೀಲಿ, ಸುತ್ತಲಿನದು ಗುಲಾಬಿ. ಗಡ್ಡೆಯ ಕೋಶಗಳು ಸಹಜ ಕೋಶಗಳನ್ನು ಎಷ್ಟರಮಟ್ಟಿಗೆ ಹೋಲುತ್ತವೆ ಎಂಬುದರ ಮೇಲೆ ದರ್ಜೆ ಕೊಡುವ ಕ್ರಮವನ್ನು ಅಮೆರಿಕದ ಆಲ್ಬರ್ಟ್ ಬ್ರೋಡರ್ಸ್ 1920ರಲ್ಲಿ ತುಟಿಯ ಕ್ಯಾನ್ಸರ್ ಕುರಿತು ಬರೆಯುತ್ತ ಮುಂದಿಟ್ಟರು. ರಿಪೋರ್ಟಿನಲ್ಲಿ ಆ ದರ್ಜೆ ಇಂದಿಗೂ ಇರುತ್ತದೆ. ಆದರೆ ಅದೊಂದನ್ನೇ ನಂಬಿ ರೋಗಿಯ ಮುಂದಿನ ದಿನಗಳನ್ನು ಅಂದಾಜಿಸಲಾಗದು. ನೋಡಬೇಕಾದದ್ದು ಗಡ್ಡೆಯ ನಡುಭಾಗಕ್ಕಿಂತ ಹೆಚ್ಚಾಗಿ ಅದು ಆರೋಗ್ಯವಂತ ಅಂಗಾಂಶಕ್ಕೆ ನುಗ್ಗುವ ಅಂಚನ್ನು.

ಆ ಅಂಚು ಎಷ್ಟು ಆಳಕ್ಕಿಳಿದಿದೆ? ಪಕ್ಕದ ಸಹಜ ಪೊರೆಯ ತಳದಿಂದ ನೇರ ಕೆಳಗೆ, ಕ್ಯಾನ್ಸರ್ ಮುಟ್ಟಿದ ಕೊನೆಯ ಬಿಂದುವಿನವರೆಗೆ ಅಳೆಯುತ್ತಾರೆ. ಹೂಕೋಸಿನಂತೆ ಹೊರಗೆ ಉಬ್ಬಿದ ಗಡ್ಡೆ ನೋಡಲು ಭಯಂಕರವಾದರೂ ಬುಡ ಮೇಲೆಯೇ ಇರಬಹುದು. ಚಪ್ಪಟೆ ಹುಣ್ಣೊಂದು ನಾಲಿಗೆಯ ಸ್ನಾಯುವಿನೊಳಗೆ ಇಳಿದಿರಬಹುದು. 2018ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ, ಅಗಲ 2 ಸೆಂ.ಮೀ. ಒಳಗಿದ್ದರೂ ಆಳ 5 ಮಿ.ಮೀ. ದಾಟಿದ ಬಾಯಿಯ ಗಡ್ಡೆ ಮೊದಲ ವರ್ಗದಲ್ಲಿ ಉಳಿಯುವುದಿಲ್ಲ.

ಅಂಚು ಒಡೆದು ಸಣ್ಣ ಗುಂಪುಗಳಾಗಿ ದೂರ ಚದುರಿದ್ದರೆ, ನರದ ಸುತ್ತ ಕ್ಯಾನ್ಸರ್ ಹಬ್ಬಿದ್ದರೆ, ಅಪಾಯ ಹೆಚ್ಚು. ಅಂಚಿನಗುಂಟ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ದಟ್ಟವಾಗಿ ನೆರೆದಿದ್ದರೆ ಸಾಮಾನ್ಯವಾಗಿ ಒಳ್ಳೆಯ ಲಕ್ಷಣ.

ಇಂಥ ವಿವರಗಳಿಂದ ಚಿಕಿತ್ಸೆಯೇ ಬದಲಾಗುತ್ತದೆ. ಆಳ ಹೆಚ್ಚಿದ್ದಾಗ ಏಳುವ ಪ್ರಶ್ನೆ ಇದು: ಕುತ್ತಿಗೆಯಲ್ಲಿ ಗಂಟು ಕಾಣದ, ಆರಂಭದ ಹಂತದ ಬಾಯಿ ಕ್ಯಾನ್ಸರಿನಲ್ಲೂ ಕುತ್ತಿಗೆಯ ದುಗ್ಧಗ್ರಂಥಿಗಳನ್ನು ಮೊದಲೇ ತೆಗೆಯಬೇಕೆ? ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲೇ ತೆಗೆಸಿಕೊಂಡವರಲ್ಲಿ 3 ವರ್ಷದ ನಂತರ ಶೇ. 80 ಮಂದಿ ಬದುಕಿದ್ದರು. ಗಂಟು ಕಾಣಿಸಿದ ಮೇಲಷ್ಟೇ ತೆಗೆಸಿಕೊಳ್ಳುವ ಗುಂಪಿನಲ್ಲಿ ಶೇ. 67.5. ಪ್ರಪಂಚದ ವೈದ್ಯರೆಲ್ಲ ಓದಿದ ಈ ಉತ್ತರ ನಮ್ಮ ದೇಶದ ರೋಗಿಗಳಿಂದ ಬಂತು. ತೆಗೆದ ಗ್ರಂಥಿಯ ಹೊರಕವಚ ಸೀಳಿ ಕ್ಯಾನ್ಸರ್ ಆಚೆ ಬಂದಿದ್ದರೆ, ದೇಹ ತಾಳುವ ಸ್ಥಿತಿಯಲ್ಲಿದ್ದರೆ, ರೇಡಿಯೇಷನ್ ಜೊತೆ ಕೀಮೋ ಕೂಡ ಕೊಡುತ್ತಾರೆ.

ಹಾಗಾಗಿ ‘ಎಷ್ಟನೇ ಸ್ಟೇಜ್’ ಜೊತೆಗೆ, ‘ಆಳ ಎಷ್ಟು, ನರಕ್ಕೆ ಹಬ್ಬಿದೆಯೇ, ಗ್ರಂಥಿಯ ಕವಚ ಒಡೆದಿದೆಯೇ’ ಎಂದೂ ಮನೆಯವರು ಕೇಳಲಿ. ಗಡ್ಡೆಯನ್ನು ಹುದುಗಿಸಿದ ಮೇಣದ ಬ್ಲಾಕ್ ವರ್ಷಗಟ್ಟಲೆ ಕೆಡುವುದಿಲ್ಲ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲೋ ಬೇರೆಡೆಯೋ ಇನ್ನೊಬ್ಬ ವೈದ್ಯರ ಅಭಿಪ್ರಾಯ ಬೇಕೆಂದಾಗ ಸ್ಲೈಡು, ಬ್ಲಾಕುಗಳನ್ನು ಲ್ಯಾಬಿನಿಂದ ಕೇಳಿ ಪಡೆದು ಜೊತೆಗೇ ಒಯ್ಯಬಹುದು.