ನಂದದ ಒಲೆ

ನಮ್ಮ ಬಸರೀಕಟ್ಟೆಯ ಕಡೆ ಹಿಂದೆ ರಾತ್ರಿ ಒಲೆಯನ್ನು ಪೂರ್ತಿ ನಂದಿಸುತ್ತಿರಲಿಲ್ಲ. ಕೆಂಡಕ್ಕೆ ಬೂದಿ ಮುಚ್ಚಿ ಮಲಗಿದರೆ, ಬೆಳಗ್ಗೆ ಊದುಗೊಳವೆಯ ಎರಡು ಉಸಿರಿಗೆ ಬೆಂಕಿ ಏಳುತ್ತಿತ್ತು. 2012ರಲ್ಲಿ ಬಂದ ವಿಂಡೋಸ್ 8ರಿಂದೀಚೆಗೆ ಕಂಪ್ಯೂಟರು ಕಲಿತಿರುವುದೂ ಇದೇ ಉಪಾಯವನ್ನು. ‘ಷಟ್ ಡೌನ್’ ಎಂದೊಡನೆ ಅದು ನಮ್ಮ ಕೆಲಸಗಳನ್ನೇನೋ ಮುಚ್ಚುತ್ತದೆ. ಆದರೆ ತನ್ನ ತಿರುಳಾದ ‘ಕರ್ನಲ್’ ಇದ್ದ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟುಕೊಂಡು, ಮರುದಿನ ಅಲ್ಲಿಂದಲೇ ಏಳುತ್ತದೆ. ‘ಫಾಸ್ಟ್ ಸ್ಟಾರ್ಟಪ್’ ಎಂದು ಇದರ ಹೆಸರು.

‘ಅಪ್‌ಡೇಟು’ಗಳು ಹಲವೊಮ್ಮೆ ಅರ್ಧಕ್ಕೆ ನಿಲ್ಲುವುದು ಇದರಿಂದಲೇ. ಬಳಕೆಯಲ್ಲಿರುವ ಕಡತಗಳನ್ನು ಬದಲಿಸಬೇಕಾದರೆ ಯಂತ್ರ ನಿಜವಾಗಿ ನಂದಿ ಹೊತ್ತಿಕೊಳ್ಳಬೇಕು. ಕೆಂಡವಿರುವ ಒಲೆಯನ್ನು ಸಾರಿಸುವುದೆಂತು? ನಿತ್ಯವೂ ಶಿಸ್ತಿನಿಂದ ಯಂತ್ರ ಮುಚ್ಚುವವರಿಗೇ ಅದೇ ಸೂಚನೆ ಮತ್ತೆ ಮತ್ತೆ ಎದುರಾಗುವುದು ಇದರ ವಿನೋದ. ಆದರೆ ಉದಾಸೀನ ಸಲ್ಲದು. ಈ ತಿದ್ದುಪಡಿಗಳಲ್ಲಿ ಅನೇಕವು ಕಳ್ಳರು ನುಗ್ಗಬಲ್ಲ ಕಿಂಡಿಗಳನ್ನು ಮುಚ್ಚುವಂಥವು.

ತಾವು ‘ರೀಸ್ಟಾರ್ಟ್’ ಒತ್ತಿ ನೋಡಿ. ಹೆಸರಿನಿಂದ ಅದು ಅರೆಬರೆ ಕೆಲಸವೆನಿಸಿದರೂ, ಪೂರ್ತಿ ನಂದಿಸಿ ಹೊತ್ತಿಸುವುದು ಅದೇ. ಮುಚ್ಚಿಯೇ ಏಳಬೇಕೆಂಬವರು ‘ಷಿಫ್ಟ್’ ಕೀಲಿಯನ್ನು ಅದುಮಿ ಹಿಡಿದು ‘ಷಟ್ ಡೌನ್’ ಒತ್ತಬೇಕು. ಮಲೆನಾಡಿನ ಮಳೆಗಾಲದಲ್ಲಾದರೆ ಮೊದಲು ಬ್ಯಾಟರಿ ತುಂಬಿರಲಿ. ತಿದ್ದುಪಡಿಯ ನಡುವೆ ವಿದ್ಯುತ್ತು ಹೋದರೆ ಯಂತ್ರ ಏಳದೆಯೂ ಇದ್ದೀತು.