ರಾತ್ರಿ ಎಂಟಕ್ಕೆ ಲ್ಯಾಬಿನವರಿಗೆ ಪಾಠ: ಲೆಕ್ಕಕ್ಕೆ ಇಡುವವರು ಯಾರು?

ಶಿವಮೊಗ್ಗ: ದುರ್ಗಿಗುಡಿಯ ಅಡ್ಡರಸ್ತೆಯಲ್ಲೊಂದು ಲ್ಯಾಬು. ರಾತ್ರಿ ಎಂಟು ಗಂಟೆ. ಶಟರ್ ಅರ್ಧ ಇಳಿದಿದೆ. ಒಳಗೆ ಸೆಂಟ್ರಿಫ್ಯೂಜ್ ಗುಂಯ್ ಎನ್ನುತ್ತಿದೆ. ಟ್ಯೂಬಿನ ಡಬ್ಬಕ್ಕೆ ಮೊಬೈಲ್ ಆನಿಸಿ, ಕಿವಿಗೆ ವಯರ್ ಸಿಕ್ಕಿಸಿಕೊಂಡು ತಂತ್ರಜ್ಞನೊಬ್ಬ ಕೂತಿದ್ದಾನೆ. ರಿಪೋರ್ಟ್ ಒಯ್ಯಲು ಬಂದ ಮುದುಕರು ಬಗ್ಗಿ ನೋಡಿ, "ಏನಪ್ಪಾ, ಯಾವ ಪಿಕ್ಚರು?" ಅಂದರು.

"ಪಿಕ್ಚರಲ್ಲ ಅಜ್ಜಾ, ಪಾಠ."

"ಕೆಲಸಕ್ಕೆ ಸೇರಿದ ಮೇಲೂ ಪಾಠವೇ?" ಎಂದು ಮುದುಕರು ನಕ್ಕು ಹೋದರು. ನಗುವ ಮಾತೇನೋ ನಿಜ. ಆದರೆ ಆ ಪಾಠಕ್ಕೂ ಮುದುಕರ ಕೈಲಿದ್ದ ರಿಪೋರ್ಟಿಗೂ ಇರುವ ನಂಟು ಅವರಿಗೆ ಗೊತ್ತಿದ್ದಿದ್ದರೆ ಅವರೂ ಒಂದು ಗಳಿಗೆ ನಿಲ್ಲುತ್ತಿದ್ದರೋ ಏನೋ!

ವೆಬಿನಾರ್ ಎಂಬ ಈ ಮೊಬೈಲ್ ಪಾಠ ಲ್ಯಾಬುಗಳಿಗೆ ಹಬ್ಬಿದ್ದು 2020ರ ಕೊರೊನಾ ಕಾಲದಲ್ಲಿ. ಸಭೆ ಸೇರುವ ಹಾಗಿರಲಿಲ್ಲ, ಗಂಟಲ ದ್ರವ ತೆಗೆಯುವುದನ್ನು ಮಾತ್ರ ರಾತ್ರೋರಾತ್ರಿ ಕಲಿಯಬೇಕಿತ್ತು. ಕೊರೊನಾ ಹೋಯಿತು, ಪಾಠ ಉಳಿಯಿತು. ವೃತ್ತಿಯವರ ಸಂಘಗಳು, ದೊಡ್ಡ ಆಸ್ಪತ್ರೆಗಳು, ಯಂತ್ರ ಮಾರುವ ಕಂಪನಿಗಳು, ಹೀಗೆ ಎಲ್ಲರದೂ ಒಂದೊಂದು ಕ್ಲಾಸು. ಕೇಳುವವರೂ ಇದ್ದಾರೆ. ಆದರೆ ಕೇಳಿದ್ದು ಎಲ್ಲಿ ಜಮಾ ಆಗುತ್ತಿದೆ ಎಂಬುದೇ ಈಗಿನ ಪ್ರಶ್ನೆ.

ಹದಿನೆಂಟು ಸಾವಿರದ ಕಥೆ

ಮಳೆಗಾಲದ ಒಂದು ಪ್ರಸಂಗ. ಅಡಿಕೆ ಸೀಮೆಯ ಹಳ್ಳಿಯ ಹೆಣ್ಣುಮಗಳಿಗೆ ಮೂರು ದಿನದ ಜ್ವರ. ಊರ ಹತ್ತಿರದ ಲ್ಯಾಬೊಂದರಲ್ಲಿ ರಕ್ತ ಕೊಟ್ಟರು. ಪ್ಲೇಟ್‌ಲೆಟ್ 18,000 ಎಂದು ಯಂತ್ರ ಅಚ್ಚು ಹಾಕಿತು. ಇರಬೇಕಾದದ್ದು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ. ಮನೆಯವರ ಜೀವ ಬಾಯಿಗೆ ಬಂತು. ಬಾಡಿಗೆ ಕಾರು ಮಾಡಿ ಶಿವಮೊಗ್ಗಕ್ಕೆ ಓಡಿಬಂದರು. ರಕ್ತ ಕೊಡಲು ಅಂತ ಅಣ್ಣ, ಭಾವ, ಪಕ್ಕದ ಮನೆ ಹುಡುಗ ಎಲ್ಲ ಅದೇ ಕಾರಿನಲ್ಲಿ.

ಇಲ್ಲಿ ಮತ್ತೆ ರಕ್ತ ತೆಗೆದರು. ಯಂತ್ರ ಮತ್ತೆ ಇಪ್ಪತ್ತು ಸಾವಿರದ ಆಸುಪಾಸೇ ಹೇಳಿತು. ಆದರೆ ಯಂತ್ರದ ಮುಂದೆ ಇದ್ದಾಕೆ ಅಷ್ಟಕ್ಕೇ ಬಿಡಲಿಲ್ಲ. ಒಂದು ಹನಿ ರಕ್ತವನ್ನು ಗಾಜಿನ ಸ್ಲೈಡಿನ ಮೇಲೆ ಎಳೆದು, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಿದಳು. ಪ್ಲೇಟ್‌ಲೆಟ್‌ಗಳು ದ್ರಾಕ್ಷಿ ಗೊಂಚಲಿನ ಹಾಗೆ ಒಂದಕ್ಕೊಂದು ಅಂಟಿ ಕೂತಿದ್ದವು!

ಸಂಗತಿ ಇಷ್ಟೇ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಇಡಿಟಿಎ ಎಂಬ ರಾಸಾಯನಿಕ ಇರುತ್ತದೆ. ಸುಮಾರು ಸಾವಿರಕ್ಕೆ ಒಬ್ಬರ ರಕ್ತದಲ್ಲಿ ಈ ಇಡಿಟಿಎ ಸೋಕಿದೊಡನೆ ಪ್ಲೇಟ್‌ಲೆಟ್‌ಗಳು ಗುಂಪುಗಟ್ಟುತ್ತವೆ. ಯಂತ್ರಕ್ಕೆ ಗುಂಪು ಎಣಿಸಲು ಬರುವುದಿಲ್ಲ, ಕಡಿಮೆ ಇದೆ ಎಂದುಬಿಡುತ್ತದೆ. ರೋಗಿಯ ಮೈಯಲ್ಲಿ ಎಲ್ಲ ಸರಿಯಾಗಿಯೇ ಇರುತ್ತದೆ, ಟ್ಯೂಬಿನಲ್ಲಿ ಮಾತ್ರ ರಾದ್ಧಾಂತ.

ಆಕೆ ತಿಳಿ ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಹೊಸದಾಗಿ ರಕ್ತ ತೆಗೆದಳು. ಯಂತ್ರ 1,48,000 ತೋರಿಸಿತು. ಆ ಟ್ಯೂಬಿನಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ದ್ರಾವಣ ಮೊದಲೇ ಇರುವುದರಿಂದ 1.1ರಿಂದ ಗುಣಿಸಬೇಕು. ಗುಣಿಸಿದರೆ 1,62,800. ಅಣ್ಣನೂ ಭಾವನೂ ಬಂದ ಕಾರಿನಲ್ಲೇ ವಾಪಸು ಹೋದರು. ಹೆಣ್ಣುಮಗಳಿಗೆ ಜ್ವರದ ಮಾತ್ರೆ, ನೀರು, ವಿಶ್ರಾಂತಿ.

"ಡಿಪ್ಲೊಮಾದಲ್ಲಿ ಒಂದು ಸಾಲು ಓದಿದ್ದೆ, ಮರೆತೇ ಹೋಗಿತ್ತು. ಮೂರು ತಿಂಗಳ ಹಿಂದೆ ವೆಬಿನಾರಿನಲ್ಲಿ ಚಿತ್ರ ತೋರಿಸಿದ್ರು, ಅದು ಕಣ್ಣಲ್ಲಿ ಕೂತಿತ್ತು" ಎನ್ನುತ್ತಾಳೆ ಆಕೆ. ಮೊದಲ ಲ್ಯಾಬಿನವನು ಮೋಸಗಾರನೇನಲ್ಲ. ಯಂತ್ರ ಹೇಳಿದ್ದನ್ನೇ ಬರೆದ. ಡೆಂಗ್ಯೂ ಕಾಲದಲ್ಲಿ ಪ್ಲೇಟ್‌ಲೆಟ್ ನಿಜಕ್ಕೂ ಇಳಿದವರೇ ಸಾಲುಗಟ್ಟಿ ಬರುವಾಗ, ಸುಳ್ಳು ಇಳಿತ ಒಂದು ನಡುವೆ ಸೇರಿಕೊಂಡರೆ ಯಾರಿಗೆ ಅನುಮಾನ ಬಂದೀತು? 2024ರಲ್ಲಿ ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ಎಂದು ಘೋಷಿಸಬೇಕಾಗಿ ಬಂದದ್ದನ್ನು ನೆನೆದರೆ ಲ್ಯಾಬುಗಳ ಮುಂದಿನ ಸಾಲು ಎಷ್ಟು ಉದ್ದವಿದ್ದೀತು ಎಂದು ಊಹಿಸಬಹುದು.

ಬಸ್ಸಿನಲ್ಲಿ ಇಳಿಯುವ ಸಕ್ಕರೆ

ಇನ್ನೊಂದು ಪಾಠ ಸಕ್ಕರೆಯದು. ಘಟ್ಟದ ಕಡೆಯ ಊರುಗಳಲ್ಲಿ ಬೆಳಗ್ಗೆ ಏಳಕ್ಕೆ ಖಾಲಿ ಹೊಟ್ಟೆಯ ರಕ್ತ ತೆಗೆದು, ಚೀಲದಲ್ಲಿಟ್ಟು ಬಸ್ಸಿಗೆ ಹಾಕಿದರೆ ಪೇಟೆಯ ಲ್ಯಾಬು ತಲುಪುವಾಗ ಹತ್ತು ಗಂಟೆ. ಮೈಯಿಂದ ಹೊರಬಂದರೂ ರಕ್ತಕಣಗಳು ಜೀವಂತ, ಅವಕ್ಕೂ ಹಸಿವು! ಟ್ಯೂಬಿನೊಳಗಿನ ಸಕ್ಕರೆಯನ್ನು ಅವು ಗಂಟೆಗೆ ಶೇಕಡಾ 5ರಿಂದ 7ರಷ್ಟು ತಿಂದುಹಾಕುತ್ತವೆ. 140 ಇದ್ದದ್ದು ಮೂರು ಗಂಟೆಯಲ್ಲಿ 120ಕ್ಕೋ, ಅದಕ್ಕಿಂತ ಕೆಳಕ್ಕೋ ಬರುತ್ತದೆ. ಖಾಲಿ ಹೊಟ್ಟೆಯಲ್ಲಿ 126 ದಾಟಿದರೆ ಸಕ್ಕರೆ ಕಾಯಿಲೆ ಎಂಬುದು ಲೆಕ್ಕ. ಅಂದರೆ ಮನೆ ಬಿಡುವಾಗ ಕಾಯಿಲೆ ಇದ್ದವರು ಬಸ್ಸು ಇಳಿಯುವಾಗ ಆರೋಗ್ಯವಂತರು! ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬು ಇದನ್ನು ತಡೆಯುತ್ತದೆ ನಿಜ, ಆದರೆ ಮೊದಲ ಒಂದೆರಡು ಗಂಟೆ ಅದೂ ಪೂರ್ತಿ ತಡೆಯದು. ಬೇಗ ತಿರುಗಿಸಿ ಪ್ಲಾಸ್ಮಾ ಬೇರೆ ಮಾಡುವುದೊಂದೇ ಗಟ್ಟಿ ದಾರಿ.

ಟ್ಯೂಬುಗಳನ್ನು ತುಂಬುವ ಸರದಿಯೂ ಹಾಗೆಯೇ. ನೇರಳೆ ಟ್ಯೂಬಿನ ಇಡಿಟಿಎ ಸ್ವಲ್ಪ ಕೆಂಪು ಟ್ಯೂಬಿಗೆ ಸೋಕಿದರೂ ಪೊಟ್ಯಾಸಿಯಂ ಸುಳ್ಳೇ ಏರುತ್ತದೆ, ಕ್ಯಾಲ್ಸಿಯಂ ಸುಳ್ಳೇ ಇಳಿಯುತ್ತದೆ. ಸೂಜಿ ಚುಚ್ಚುವವರಿಗೆ ಇದನ್ನು ಹೇಳಿಕೊಡಲು ಐದು ನಿಮಿಷ ಸಾಕು. ಆ ಐದು ನಿಮಿಷ ಯಾರೂ ಕೊಡದಿದ್ದರೆ ರೋಗಿಯ ಹೃದಯಕ್ಕೆ ಸಲ್ಲದ ಚಿಕಿತ್ಸೆ ಶುರುವಾದರೂ ಆದೀತು.

ದಿನದ ಮೊದಲ ರಿಪೋರ್ಟ್ ಕೊಡುವ ಮುನ್ನ ಯಂತ್ರವನ್ನೇ ಪರೀಕ್ಷಿಸುವ ನಕ್ಷೆ ಒಂದಿದೆ. ಅಮೆರಿಕದ ಲೆವಿ ಮತ್ತು ಜೆನ್ನಿಂಗ್ಸ್ ಅದನ್ನು ಲ್ಯಾಬಿಗೆ ತಂದದ್ದು 1950ರಲ್ಲಿ. ಅದನ್ನು ಓದುವ ನಿಯಮಗಳನ್ನು ವೆಸ್ಟ್‌ಗಾರ್ಡ್ ಮತ್ತವರ ಸಂಗಡಿಗರು ಕೊಟ್ಟದ್ದು 1981ರಲ್ಲಿ. ಇಷ್ಟು ಹಳೆಯ ವಿದ್ಯೆಯೂ ವೆಬಿನಾರುಗಳಲ್ಲಿ ಹೊಸತೆಂಬಂತೆ ಕೇಳಿಸುತ್ತಿದೆಯೆಂದರೆ ತಪ್ಪು ಹುಡುಗರದಲ್ಲ, ಕಾಲೇಜು ಬಿಟ್ಟ ಮೇಲೆ ಅವರನ್ನು ಮರೆತವರದು.

ಕ್ಯಾಮೆರಾ ಆಫ್, ಸರ್ಟಿಫಿಕೇಟ್ ಆನ್

ಹಾಗಂತ ವೆಬಿನಾರ್ ಎಂದರೆ ಎಲ್ಲ ಬಂಗಾರವಲ್ಲ. ಕೆಲವದರಲ್ಲಿ ಪಾಠ ಹತ್ತು ನಿಮಿಷ, ಯಂತ್ರದ ಗುಣಗಾನ ಐವತ್ತು ನಿಮಿಷ. ಹೆಸರು ನೋಂದಾಯಿಸಿ, ಕ್ಯಾಮೆರಾ ಆಫ್ ಮಾಡಿ, ಊಟಕ್ಕೆ ಹೋಗಿ ಬಂದವರಿಗೂ ಸರ್ಟಿಫಿಕೇಟ್ ಬರುತ್ತದೆ. ಗೋಡೆ ತುಂಬ ಸರ್ಟಿಫಿಕೇಟ್ ಇದ್ದೂ ಸ್ಲೈಡ್ ಎಳೆಯಲು ಕೈ ನಡುಗುವವರಿಗೇನೂ ಕಡಿಮೆ ಇಲ್ಲ.

ಪಾಠವೆಲ್ಲ ಇಂಗ್ಲಿಷಿನಲ್ಲಿ. ಹಳ್ಳಿಯಿಂದ ಬಂದು ಡಿಪ್ಲೊಮಾ ಮಾಡಿದ ಹುಡುಗಿಗೆ ಪದ ಗೊತ್ತು, ವಾಕ್ಯ ಓಡಿಹೋಗುತ್ತದೆ. "ಡೌಟ್ ಕೇಳಿ ಅಂತಾರೆ. ಇಂಗ್ಲಿಷಲ್ಲಿ ಕೇಳೋಕೆ ನಾಚಿಕೆ, ಸುಮ್ನೆ ಥ್ಯಾಂಕ್ಯೂ ಸಾರ್ ಅಂತ ಟೈಪ್ ಮಾಡ್ತೀನಿ" ಎಂದಳು ಒಬ್ಬಾಕೆ. ಹೊಸನಗರ, ತೀರ್ಥಹಳ್ಳಿ ಕಡೆಯ ಒಳಊರುಗಳಲ್ಲಿ ಮಳೆ ಹಿಡಿದರೆ ಕರೆಂಟೂ ಇಲ್ಲ, ಸಿಗ್ನಲ್ಲೂ ಇಲ್ಲ. ಪಾಠ ಅರ್ಧಕ್ಕೆ ನಿಂತರೆ ಮತ್ತೆ ಹೇಳುವವರಿಲ್ಲ.

ಇನ್ನು ಮಾಲೀಕರು. "ಯಂತ್ರ ಎಲ್ಲಾ ಮಾಡುತ್ತೆ, ಇವರಿಗೆ ಕ್ಲಾಸು ಯಾಕೆ?" ಎನ್ನುವವರುಂಟು. ಹಗಲು ಕೂರಲು ಬಿಡುವಿಲ್ಲ, ರಾತ್ರಿ ಕೂತದ್ದಕ್ಕೆ ಕೂಲಿಯಿಲ್ಲ. ಶುಲ್ಕವಿದ್ದರೆ ಕೈಯಿಂದಲೇ.

ವೈದ್ಯರಿಗೆ ಲೆಕ್ಕ ಉಂಟು

ವೈದ್ಯರ ವಿಷಯ ಬೇರೆ. 2002ರ ವೃತ್ತಿ ನಡವಳಿಕೆ ನಿಯಮಾವಳಿಯಲ್ಲೇ ಐದು ವರ್ಷಕ್ಕೆ ಕನಿಷ್ಠ 30 ಗಂಟೆ ಮುಂದುವರಿದ ಶಿಕ್ಷಣ ಎಂದು ಬರೆದಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲ್ಯಾಬ್ ವಿಜ್ಞಾನಿಗಳಿಗೂ ಎರಡು ವರ್ಷಕ್ಕೆ 24 ಗಂಟೆ ಪಾಠ ಕೇಳಿದರೆ ಮಾತ್ರ ಲೈಸೆನ್ಸ್ ನವೀಕರಣ.

ನಮ್ಮಲ್ಲಿ 2021ರಲ್ಲಿ ಸಂಸತ್ತು ಸಹವೈದ್ಯಕೀಯ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆ ಮಾಡಿತು. ಅದರ ಪಟ್ಟಿಯಲ್ಲಿ ಮೊದಲ ವರ್ಗವೇ ವೈದ್ಯಕೀಯ ಪ್ರಯೋಗಾಲಯದವರದು. ಕೇಂದ್ರಕ್ಕೊಂದು, ರಾಜ್ಯಕ್ಕೊಂದು ರಿಜಿಸ್ಟರ್ ಎಂದೂ ಹೇಳಿದೆ. ಎನ್‌ಎಬಿಎಲ್ ಮಾನ್ಯತೆ ಬೇಕೆನ್ನುವ ಲ್ಯಾಬು ಸಿಬ್ಬಂದಿಯ ತರಬೇತಿಗೆ ದಾಖಲೆ ಇಡಲೇಬೇಕು. ಆದರೆ ಆ ಮಾನ್ಯತೆ ಬೀದಿಬದಿಯ ಸಣ್ಣ ಲ್ಯಾಬಿಗೆ ಕಡ್ಡಾಯವಲ್ಲ. "ಹತ್ತು ಕ್ಲಾಸು ಕೇಳಿದವನಿಗೂ ಒಂದೂ ಕೇಳದವನಿಗೂ ಸಂಬಳದಲ್ಲಿ, ಮರ್ಯಾದೆಯಲ್ಲಿ ಒಂದೇ ತಕ್ಕಡಿ" ಎಂಬುದು ಇಲ್ಲಿನ ತಂತ್ರಜ್ಞರ ಅಳಲು.

ಈ ಜಿಲ್ಲೆಗೆ ಇನ್ನೂ ಹೆಚ್ಚಿನ ಹೊಣೆ

ಶಿವಮೊಗ್ಗಕ್ಕಂತೂ ಇದು ಬರೀ ಡೆಂಗ್ಯೂ ಮಾತಲ್ಲ. 1957ರಲ್ಲಿ ಈ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಕಂಡ ಮಂಗನ ಕಾಯಿಲೆ ಇನ್ನೂ ಮಲೆನಾಡನ್ನು ಬಿಟ್ಟಿಲ್ಲ. ಚಳಿಗಾಲ, ಬೇಸಿಗೆಯಲ್ಲಿ ಕಾಡಿಗೆ ಹೋಗಿ ಉಣ್ಣೆ ಕಚ್ಚಿಸಿಕೊಂಡು ಜ್ವರ ಬಂದವರ ರಕ್ತದಲ್ಲೂ ಪ್ಲೇಟ್‌ಲೆಟ್ ಇಳಿದಿರುತ್ತದೆ. ಆ ರಕ್ತ ಮೊದಲು ಬರುವುದು ದೊಡ್ಡ ವೈರಸ್ ಲ್ಯಾಬಿಗಲ್ಲ, ಮೂಲೆಯ ಸಣ್ಣ ಲ್ಯಾಬಿಗೆ. ಅಲ್ಲಿದ್ದವನು "ಕಾಡಿಗೆ ಹೋಗಿದ್ರಾ ಅಮ್ಮಾ?" ಎಂದು ಒಂದು ಮಾತು ಕೇಳಿ ವೈದ್ಯರಿಗೆ ಹೇಳಿದರೆ ಒಂದು ಜೀವ ಉಳಿದೀತು. ಕೈಗವಸು ಹಾಕಿಕೊಂಡಿದ್ದರೆ ಅವನ ಜೀವವೂ.

ದೊಡ್ಡ ಖರ್ಚಿನ ಕೆಲಸವೇನೂ ಅಲ್ಲ. ಜಿಲ್ಲೆಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಕಲಿಸುವವರಿದ್ದಾರೆ. ತಿಂಗಳಿಗೊಂದು ಗಂಟೆ, ಕನ್ನಡದಲ್ಲಿ, ಸಂಜೆಯ ಬದಲು ಮಧ್ಯಾಹ್ನ ಎರಡಕ್ಕೆ, ರೋಗಿಗಳು ಕಡಿಮೆ ಇರುವ ಹೊತ್ತಿನಲ್ಲಿ ಪಾಠ ಇಡಬಹುದು. ಸಿಗ್ನಲ್ ಇಲ್ಲದವರಿಗೆ ಅದನ್ನೇ ಮುದ್ರಿಸಿಟ್ಟು ಕಳಿಸಬಹುದು. ಕೊನೆಯಲ್ಲಿ ಹತ್ತು ಪ್ರಶ್ನೆ, ವರ್ಷಕ್ಕೊಮ್ಮೆ ಕೈಯಾರೆ ಸ್ಲೈಡ್ ಪರೀಕ್ಷೆ. ಖಾಸಗಿ ಲ್ಯಾಬಿನ ನೋಂದಣಿ ನೋಡಲು ಬರುವ ಅಧಿಕಾರಿಗಳು ಗೋಡೆಯ ಲೈಸೆನ್ಸ್ ನೋಡಿದ ಹಾಗೆಯೇ "ಈ ವರ್ಷ ನಿಮ್ಮ ಸಿಬ್ಬಂದಿ ಏನು ಕಲಿತರು?" ಎಂದೂ ಒಮ್ಮೆ ಕೇಳಬಹುದು.

ದುರ್ಗಿಗುಡಿಯ ಆ ಲ್ಯಾಬಿನಲ್ಲಿ ಒಂಬತ್ತೂಕಾಲಿಗೆ ಪಾಠ ಮುಗಿಯಿತು. ಆತ ವಯರ್ ತೆಗೆದು, ನೋಟ್ ಪುಸ್ತಕದಲ್ಲಿ ಎರಡು ಸಾಲು ಬರೆದುಕೊಂಡು, ಶಟರ್ ಪೂರ್ತಿ ಎಳೆದು ಕೊನೇ ಬಸ್ಸಿಗೆ ಓಡಿದ. ಆ ಎರಡು ಸಾಲಿನಿಂದ ನಾಳೆ ಯಾರ ರಿಪೋರ್ಟ್ ಸರಿಯಾಗುತ್ತದೋ ಹೇಳಲಾಗದು. ಸಂಬಂಧಪಟ್ಟ ಇಲಾಖೆಯವರು ಆ ನೋಟ್ ಪುಸ್ತಕಕ್ಕೂ ಒಂದು ಬೆಲೆ ಕಟ್ಟುವರೇ?