ಸುಮ್ಮನಿರುವ ಗಂಟೆ ಹೇಳುವುದೇನು?

ಶಾಲೆಯ ಕೊನೆಯ ಗಂಟೆ ಹೊಡೆದೊಡನೆ ಮಕ್ಕಳು ಹರ್ಷದಿಂದ ಹೊರಗೋಡುತ್ತಾರೆ. ಬೆಂಕಿಯ ಗಂಟೆ ಮೊಳಗಿದರೆ ಅದೇ ಮಕ್ಕಳು ಗಾಬರಿಯಿಂದ ಹೊರಬೀಳುತ್ತಾರೆ. ಎರಡೂ ಲೋಹದ ನಾದವೇ. ಅದಕ್ಕೆ ಅರ್ಥ ಕೊಟ್ಟವರು ನಾವು. ಆದರೆ ಎಚ್ಚರಿಕೆಯ ಗಂಟೆ ಸುಮ್ಮನಿರುವಾಗ ಏನು ಹೇಳುತ್ತದೆ? ‘ಅಪಾಯವಿಲ್ಲ’ ಎಂದೇ? ಅಥವಾ ‘ನಾನೇ ಕೆಟ್ಟಿದ್ದೇನೆ’ ಎಂದೇ?

ಸಾಧಾರಣ ವಿದ್ಯುತ್ ಗಂಟೆಯನ್ನು ನೋಡೋಣ. ಗುಂಡಿಯನ್ನೊತ್ತಿದಾಗ ತಂತಿಯ ಸುರುಳಿಯಲ್ಲಿ ವಿದ್ಯುತ್ತು ಹರಿದು, ಅದರೊಳಗಿನ ಮೆದುಕಬ್ಬಿಣವು ಅಯಸ್ಕಾಂತವಾಗುತ್ತದೆ. ಎದುರಿನ ಕಬ್ಬಿಣದ ಪಟ್ಟಿಯನ್ನು ಸೆಳೆಯುತ್ತದೆ. ಪಟ್ಟಿಗೆ ಹೊಂದಿಸಿದ ಸುತ್ತಿಗೆ ಗಂಟೆಗೆ ಬಡಿಯುತ್ತದೆ. ಅದೇ ಚಲನೆಯಿಂದ ವಿದ್ಯುತ್ತಿನ ದಾರಿ ಕಡಿದು, ಪಟ್ಟಿ ಹಿಂದಕ್ಕೆ ಸರಿದು, ಮತ್ತೆ ದಾರಿ ಕೂಡುತ್ತದೆ. ಹೀಗೆ ಗಂಟೆ ಎಡೆಬಿಡದೆ ಮೊಳಗುತ್ತದೆ. ಆದರೆ ತಂತಿ ತುಂಡಾಗಿದ್ದರೆ? ಬ್ಯಾಟರಿ ಬರಿದಾಗಿದ್ದರೆ? ಅಪಾಯ ಬಂದರೂ ಗಂಟೆ ಮೂಕವಾಗಿಯೇ ಇರುತ್ತದೆ.

ಈ ತೊಡಕಿಗೆ ರೈಲ್ವೆಯವರು ಸೊಗಸಾದ ಪರಿಹಾರ ಕಂಡುಕೊಂಡರು. ಅಮೆರಿಕದ ವಿಲಿಯಂ ರಾಬಿನ್‌ಸನ್ 1872ರಲ್ಲಿ ಪೇಟೆಂಟ್ ಪಡೆದ ಏರ್ಪಾಡು ಇದು. ರೈಲುದಾರಿಯ ಒಂದು ತುಂಡಿನ ಎರಡು ಹಳಿಗಳ ಮೂಲಕ ಸದಾ ಅಲ್ಪ ವಿದ್ಯುತ್ತು ಹರಿಯುತ್ತಿರುತ್ತದೆ. ಅದು ಇನ್ನೊಂದು ತುದಿಯ ವಿದ್ಯುತ್ಕಾಂತವನ್ನು ಜಾಗೃತವಾಗಿರಿಸುತ್ತದೆ. ಕಾಂತವು ಎತ್ತಿಹಿಡಿದಿರುವಷ್ಟು ಕಾಲ ಮಾತ್ರ ಸಿಗ್ನಲ್ ‘ಮುಂದೆ ಹೋಗು’ ಎನ್ನಬಲ್ಲದು. ಬಂಡಿ ಬಂದೊಡನೆ ಅದರ ಗಾಲಿಗಳೂ ಅಚ್ಚೂ ಎರಡು ಹಳಿಗಳನ್ನು ಕೂಡಿಸಿಬಿಡುತ್ತವೆ. ವಿದ್ಯುತ್ತು ಆ ಸುಲಭದ ದಾರಿಯಲ್ಲೇ ಮರಳುತ್ತದೆ, ಕಾಂತ ಶಕ್ತಿಗುಂದುತ್ತದೆ, ಸಿಗ್ನಲ್ ‘ನಿಲ್ಲು’ ಎನ್ನುತ್ತದೆ. ಸ್ವಾರಸ್ಯವಿರುವುದು ಇಲ್ಲಿ: ಬ್ಯಾಟರಿ ಬರಿದಾದರೂ, ತಂತಿ ಕಡಿದರೂ, ಹಳಿಯೇ ಮುರಿದು ವಿದ್ಯುತ್ತಿನ ದಾರಿ ತಪ್ಪಿದರೂ ಸಿಗ್ನಲ್ ‘ನಿಲ್ಲು’ ಎಂದೇ ಹೇಳುತ್ತದೆ! ಉಪಕರಣದ ಸೋಲೇ ಎಚ್ಚರಿಕೆಯಾಗುತ್ತದೆ.

ಈ ತತ್ತ್ವವನ್ನು ಮರೆತರೆ ಏನಾಗುವುದೆಂಬುದಕ್ಕೆ ಒಂದು ನಿದರ್ಶನವಿದೆ. 1979ರ ಮಾರ್ಚ್ 28ರ ಮುಂಜಾನೆ, ಅಮೆರಿಕದ ಪೆನ್ಸಿಲ್ವೇನಿಯದಲ್ಲಿರುವ ತ್ರೀ ಮೈಲ್ ಐಲೆಂಡ್ ಪರಮಾಣು ವಿದ್ಯುತ್ ಸ್ಥಾವರದಲ್ಲಿ ಒತ್ತಡ ತಗ್ಗಿಸುವ ಕವಾಟವೊಂದು ತೆರೆದುಕೊಂಡಿತು. ಆಮೇಲೆ ಮುಚ್ಚಿಕೊಳ್ಳದೆ ಸಿಕ್ಕಿಕೊಂಡಿತು. ನಿಯಂತ್ರಣ ಕೊಠಡಿಯಲ್ಲಿ ಅದರ ದೀಪ ಆರಿತ್ತು. ‘ಕವಾಟ ಮುಚ್ಚಿದೆ’ ಎಂದು ಕೆಲಸಗಾರರು ನಂಬಿದರು. ಆದರೆ ಆ ದೀಪವು ತಿಳಿಸುತ್ತಿದ್ದುದು ಕವಾಟದ ಸ್ಥಿತಿಯನ್ನಲ್ಲ, ಅದಕ್ಕೆ ಹೋದ ಅಪ್ಪಣೆಯನ್ನು ಮಾತ್ರ! ಇತ್ತ ನೂರಕ್ಕೂ ಹೆಚ್ಚು ಎಚ್ಚರಿಕೆಗಳು ಒಮ್ಮೆಗೇ ಮೊಳಗಿ, ಯಾವುದು ಮುಖ್ಯವೆಂಬುದೇ ತಿಳಿಯದಂತಾಯಿತು. ಎರಡು ಗಂಟೆಗಳಿಗೂ ಮೀರಿ ತಂಪುನೀರು ಸೋರಿಹೋಯಿತು. ರಿಯಾಕ್ಟರಿನ ಇಂಧನ ತಿರುಳಿನ ಸುಮಾರು ಅರ್ಧಭಾಗ ಕರಗಿತು.

ಆದುದರಿಂದ ಎಚ್ಚರಿಕೆಯ ಸಾಧನವೊಂದನ್ನು ಕಂಡಾಗ ಎರಡು ಪ್ರಶ್ನೆಗಳನ್ನು ಕೇಳಬೇಕು: ಇದು ನಿಜವಾಗಿ ಅಳೆಯುತ್ತಿರುವುದೇನನ್ನು? ಇದೇ ಕೆಟ್ಟರೆ ನಮಗೆ ತಿಳಿಯುವುದು ಹೇಗೆ? ಇಂದು ಮನೆಗಳಲ್ಲಿ ಅಳವಡಿಸುವ ಹೊಗೆಸೂಚಕವು ಬ್ಯಾಟರಿ ಮುಗಿಯುತ್ತ ಬಂದಾಗ ಆಗಾಗ ಕೀಚುದನಿ ಹೊರಡಿಸುವುದುಂಟು. ಅದನ್ನು ಕಾಟವೆಂದು ಕಿತ್ತೆಸೆಯುವವರಿದ್ದಾರೆ. ಆದರೆ ‘ನಾನು ಸುಮ್ಮನಾದರೆ ಅದನ್ನು ಕ್ಷೇಮವೆಂದು ತಿಳಿಯಬೇಡಿ’ ಎಂದು ಆ ಪುಟ್ಟ ಯಂತ್ರ ಬೇಡಿಕೊಳ್ಳುತ್ತಿದೆ.